ಓಡಿದ ಹಂದಿ ನಿಜ, ಆಡಿದ ಮಾತು ಯಾರದು?

ಕೊಟ್ಟಿಗೆಯ ಪ್ರಾಣಿಗಳು ಮನುಷ್ಯರಂತೆ ಮಾತನಾಡುವ ಕೌಟುಂಬಿಕ ಚಿತ್ರಗಳಲ್ಲಿ ಕೆಲವಕ್ಕೆ ನಿಜವಾಗಿ ನಡೆದ ಘಟನೆಗಳೇ ಮೂಲ. ಇಂಥ ಚಿತ್ರಗಳನ್ನು ಕುರಿತು ಓದುಗರು ಕೇಳಿರುವ ಕೆಲವು ಪ್ರಶ್ನೆಗಳಿಗೆ ನಮ್ಮ ಸಿನಿಮಾ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ‘ನೈಜ ಘಟನೆಯಿಂದ ಪ್ರೇರಿತ’ ಎಂದು ಹೇಳಿಕೊಂಡು ಹಂದಿಗಳಿಂದ ಮಾತನಾಡಿಸುವುದು ಪ್ರೇಕ್ಷಕರ ಕಣ್ಣಿಗೆ ಮಣ್ಣೆರಚಿದಂತಲ್ಲವೇ? ಇಂಥ ಚಿತ್ರದಲ್ಲಿ ನಿಜವೆನ್ನುವಂಥದ್ದು ಏನಿರುತ್ತದೆ?

ಉತ್ತರ: ಹಂದಿ ಮಾತನಾಡುವುದಿಲ್ಲವೆಂಬುದು ಚಿತ್ರ ನೋಡುವ ಐದು ವರ್ಷದ ಮಗುವಿಗೂ ಗೊತ್ತಿರುವುದರಿಂದ, ಆ ವಿಷಯದಲ್ಲಿ ಯಾರೂ ಮೋಸಹೋಗುವುದಿಲ್ಲ. ಮೋಸಕ್ಕೆ ಎಡೆಯಿರುವುದು ಬೇರೊಂದು ಕಡೆ. ಅದು ಯಾವುದೆಂದು ತಿಳಿಯಲು ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

1998ರ ಜನವರಿಯಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ ಮಾಮ್ಸ್‌ಬರಿ ಎಂಬ ಪಟ್ಟಣದ ಕಸಾಯಿಖಾನೆಯೊಂದಕ್ಕೆ ತಂದಿದ್ದ ಎರಡು ಎಳೆಯ ಹಂದಿಗಳು ಬೇಲಿಯ ಸಂದಿಯಲ್ಲಿ ನುಸುಳಿ, ಏವನ್ ನದಿಯನ್ನು ಈಜಿ ದಾಟಿ, ಆಚೆ ದಡದ ಪೊದೆಗಳಲ್ಲಿ ಸುಮಾರು ಒಂದು ವಾರ ತಲೆತಪ್ಪಿಸಿಕೊಂಡಿದ್ದವು. ಟ್ಯಾಮ್‌ವರ್ತ್ ತಳಿಯ, ಕೆಂಚು ಮೈಬಣ್ಣದ ಈ ಅಣ್ಣ ತಂಗಿಯರನ್ನು ಹುಡುಕಿಕೊಂಡು ಪತ್ರಕರ್ತರ ದಂಡೇ ಬಂದಿಳಿಯಿತು. ಪತ್ರಿಕೆಗಳು ಅವಕ್ಕೆ ಬುಚ್ ಮತ್ತು ಸಂಡಾನ್ಸ್ ಎಂದು ಹೆಸರಿಟ್ಟವು. ಅದು ಅಮೆರಿಕದ ಇಬ್ಬರು ದರೋಡೆಕೋರರ ಹೆಸರು, ಅವರ ಕಥೆ 1969ರಲ್ಲಿ ಜನಪ್ರಿಯ ಚಲನಚಿತ್ರವಾಗಿತ್ತು. (ಬುಚ್ ಎಂಬ ಗಡಸು ಹೆಸರು ಹೆಣ್ಣುಹಂದಿಯ ಪಾಲಿಗೆ ಬಂದದ್ದನ್ನು ಅವಸರದ ಪತ್ರಿಕೋದ್ಯಮದ ಲೆಕ್ಕಕ್ಕೆ ಬರೆದುಕೊಳ್ಳಬಹುದು.) ಕೊನೆಗೆ ಎರಡೂ ಸಿಕ್ಕಿಬಿದ್ದವು, ಸಂಡಾನ್ಸ್‌ನನ್ನು ಹಿಡಿಯಲು ಅರಿವಳಿಕೆಯ ಮದ್ದನ್ನೇ ಬಳಸಬೇಕಾಯಿತು. ಡೈಲಿ ಮೇಲ್ ಪತ್ರಿಕೆ ಅವುಗಳನ್ನು ಕೊಂಡುಕೊಂಡಿತು. ಕೆಂಟ್ ಕೌಂಟಿಯಲ್ಲಿ ಅಪರೂಪದ ತಳಿಗಳನ್ನು ಸಾಕುವ ಕೇಂದ್ರವೊಂದರಲ್ಲಿ ಬುಚ್ 2010ರವರೆಗೆ, ಸಂಡಾನ್ಸ್ 2011ರವರೆಗೆ ಬಾಳಿದವು. ಬಿಬಿಸಿ 2004ರಲ್ಲಿ ಇದೇ ಘಟನೆಯನ್ನು ‘ದಿ ಲೆಜೆಂಡ್ ಆಫ್ ದಿ ಟ್ಯಾಮ್‌ವರ್ತ್ ಟೂ’ ಎಂಬ ಕೌಟುಂಬಿಕ ಚಿತ್ರವಾಗಿಸಿತು.

ಇಲ್ಲಿ ಬೇಲಿ, ನದಿ, ಒಂದು ವಾರದ ಅಲೆದಾಟ ಎಲ್ಲವೂ ದಾಖಲೆಯಲ್ಲಿರುವಂಥವು. ದಾಖಲೆಯಲ್ಲಿಲ್ಲದ್ದು ಒಂದೇ, ಅವು ಏಕೆ ಓಡಿದವು ಎಂಬುದು. ಗುರುತಿಲ್ಲದ ಜಾಗ, ಗದ್ದಲ, ಕಣ್ಣೆದುರಿಗೆ ಒಂದು ಸಂದಿ, ಇಷ್ಟಿದ್ದರೆ ಹಂದಿ ಓಡುತ್ತದೆ. ಎದುರಿಗೆ ನೀರು ಬಂದರೆ ಈಜುತ್ತದೆ, ಏಕೆಂದರೆ ಹಂದಿಗಳಿಗೆ ಈಜು ಬರುತ್ತದೆ. ಆದರೆ ಚಿತ್ರದಲ್ಲಿ ಹಂದಿ ಬಾಯಿ ತೆರೆದೊಡನೆ ಅದಕ್ಕೊಂದು ಉದ್ದೇಶ ಹುಟ್ಟಿಕೊಳ್ಳುತ್ತದೆ. ಸಾವು ಎದುರಿಗಿದೆ ಎಂಬ ತಿಳಿವು, ತಪ್ಪಿಸಿಕೊಳ್ಳುವ ಯೋಜನೆ, ಸ್ವಾತಂತ್ರ್ಯದ ಹಂಬಲ, ಇವೆಲ್ಲ ಮಾತಿನ ಜೊತೆಗೇ ಬಂದು ಸೇರುತ್ತವೆ. ಪ್ರೇಕ್ಷಕರು ಮಾತನ್ನು ಕಲ್ಪನೆಯೆಂದು ಬದಿಗಿಟ್ಟರೂ ಆ ಉದ್ದೇಶವನ್ನು ಮಾತ್ರ ನಿಜವೆಂದು ಮನೆಗೆ ಕೊಂಡೊಯ್ಯುತ್ತಾರೆ. ‘ನೈಜ ಘಟನೆಯಿಂದ ಪ್ರೇರಿತ’ ಎಂಬ ಸಾಲು ಕಂಡಾಗ ಅನುಮಾನದಿಂದ ನೋಡಬೇಕಾದದ್ದು ಈ ಉದ್ದೇಶವನ್ನೇ ಎಂಬುದು ನನ್ನ ಅಭಿಪ್ರಾಯ.

ಇಂಥ ಚಿತ್ರಗಳಲ್ಲಿ ಪ್ರಾಣಿಯ ಹೆಸರು ಹಾಗೆಯೇ ಉಳಿದು, ಸುತ್ತಲಿನ ಮನುಷ್ಯರು ಮಾತ್ರ ಹೆಸರು, ವೃತ್ತಿ, ಸ್ವಭಾವಗಳನ್ನೆಲ್ಲ ಬದಲಾಯಿಸಿಕೊಂಡು ಬಂದರೆ ಆಶ್ಚರ್ಯಪಡಬೇಕಿಲ್ಲ. ಬದುಕಿರುವ ಮನುಷ್ಯನು ತನ್ನನ್ನು ಖಳನಾಯಕನಾಗಿ ತೋರಿಸಿದ್ದಾರೆಂದು ಮಾನನಷ್ಟ ಮೊಕದ್ದಮೆ ಹೂಡಬಲ್ಲ, ಹಂದಿಗೆ ಆ ಸೌಲಭ್ಯವಿಲ್ಲ.

ಪ್ರಶ್ನೆ: ‘ಬೇಬ್’ ಚಿತ್ರದ ಹಂದಿಮರಿಯೂ ನಿಜವಾಗಿ ಇದ್ದದ್ದೇ? ಮಕ್ಕಳ ಪ್ರಾಣಿಚಿತ್ರಗಳಿಗೆ ನಿಜಜೀವನ ಎಷ್ಟರಮಟ್ಟಿಗೆ ಆಧಾರ?

ಉತ್ತರ: ಇಲ್ಲ. 1995ರಲ್ಲಿ ಬಂದ ‘ಬೇಬ್’ ಚಿತ್ರಕ್ಕೆ ಆಧಾರ ಡಿಕ್ ಕಿಂಗ್-ಸ್ಮಿತ್ 1983ರಲ್ಲಿ ಪ್ರಕಟಿಸಿದ ಕಾದಂಬರಿ. ಕುರಿ ಕಾಯುವ ಹಂದಿ ಅವರ ಕಲ್ಪನೆಯ ಕೂಸು. ಆದರೆ ಲೇಖಕರಾಗುವ ಮೊದಲು ಅವರು ಸುಮಾರು ಇಪ್ಪತ್ತು ವರ್ಷ ಕೃಷಿಕರಾಗಿದ್ದವರು. ದೊಡ್ಡಿಯ ದಿನಚರಿಯೂ ಯಾವ ಪ್ರಾಣಿಗೆ ಯಾವ ಗತಿಯೆಂಬ ನಿಷ್ಠುರವಾದ ಲೆಕ್ಕಾಚಾರವೂ ಆ ಕಥೆಯಲ್ಲಿ ನಂಬುವಂತೆ ಮೂಡಿರುವುದಕ್ಕೆ ಈ ಅನುಭವವೇ ಕಾರಣವಿರಬೇಕು.

ಇದಕ್ಕಿಂತ ಹೆಚ್ಚು ಕುತೂಹಲದ ಉದಾಹರಣೆ ‘ಷಾರ್ಲಟ್ಸ್ ವೆಬ್’ ಎಂಬ ಮಕ್ಕಳ ಕಾದಂಬರಿ. ಅಮೆರಿಕದ ಮೇನ್ ರಾಜ್ಯದ ತೋಟದ ಮನೆಯಲ್ಲಿ ವಾಸವಾಗಿದ್ದ ಅದರ ಲೇಖಕ ಇ.ಬಿ. ವೈಟ್ ಒಂದು ಹಂದಿಯನ್ನು ಸಾಕಿದ್ದರು; ವಸಂತದಲ್ಲಿ ಮರಿಯನ್ನು ಕೊಂಡು, ಬೇಸಿಗೆಯಿಡೀ ಮೇಯಿಸಿ, ಚಳಿಗಾಲದ ಹೊತ್ತಿಗೆ ಕೊಲ್ಲುವುದು ಅಲ್ಲಿನ ರೂಢಿಯಾಗಿತ್ತು. ಆ ಹಂದಿ ಕಾಯಿಲೆ ಬಿದ್ದಾಗ ಅವರು ಹಗಲು ರಾತ್ರಿ ಅದರ ಶುಶ್ರೂಷೆ ಮಾಡಿದರು. ಹಂದಿ ಉಳಿಯಲಿಲ್ಲ. ಕೊಲ್ಲಲೆಂದೇ ಸಾಕಿದ ಪ್ರಾಣಿಯನ್ನು ಉಳಿಸಿಕೊಳ್ಳಲು ಹೀಗೆ ಹೆಣಗಾಡಿ ಸೋತದ್ದನ್ನು ಅವರು 1948ರಲ್ಲಿ ಒಂದು ಪ್ರಬಂಧವಾಗಿ ಪ್ರಕಟಿಸಿದರು. ತಮ್ಮ ಕೊಟ್ಟಿಗೆಯಲ್ಲಿ ಜೇಡವೊಂದು ಮೊಟ್ಟೆಚೀಲ ನೇಯುವುದನ್ನು ನೋಡಿದ ಅವರು ಆ ಚೀಲವನ್ನು ನ್ಯೂಯಾರ್ಕಿನ ಮನೆಗೆ ಒಯ್ದರು, ಮರಿಗಳು ಅಲ್ಲಿ ಹೊರಬಂದವು. 1952ರಲ್ಲಿ ಹೊರಬಂದ ಕಾದಂಬರಿಯಲ್ಲಿ ಜೇಡವು ಹಂದಿಯ ಪ್ರಾಣ ಉಳಿಸಿ, ತಾನು ಸತ್ತು, ಮೊಟ್ಟೆಚೀಲವನ್ನು ಬಿಟ್ಟುಹೋಗುತ್ತದೆ. ಆ ಕಾದಂಬರಿ 1973ರಲ್ಲಿ ಅನಿಮೇಷನ್ ಚಿತ್ರವಾಗಿ, 2006ರಲ್ಲಿ ನಿಜವಾದ ಪ್ರಾಣಿಗಳನ್ನು ಬಳಸಿದ ಚಿತ್ರವಾಗಿ ತೆರೆಗೆ ಬಂತು. ಎರಡರಲ್ಲೂ ‘ನೈಜ ಘಟನೆ’ಯ ಮಾತೇ ಇಲ್ಲ. ಆದರೂ ಘಟನೆ ಅಲ್ಲಿ ಇದ್ದೇ ಇದೆ, ತಿರುಗುಮುರುಗಾಗಿದೆ ಅಷ್ಟೆ: ಬದುಕಿನಲ್ಲಿ ಸತ್ತ ಹಂದಿ ಕಥೆಯಲ್ಲಿ ಉಳಿಯಿತು. ಘೋಷಣೆ ಹೊತ್ತ ಎಷ್ಟೋ ಚಿತ್ರಗಳಿಗಿಂತ ಇದು ನಿಜಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

ಕುದುರೆಯೇ ತನ್ನ ಕಥೆ ಹೇಳಿಕೊಳ್ಳುವ ‘ಬ್ಲ್ಯಾಕ್ ಬ್ಯೂಟಿ’ಯನ್ನೂ ಇಲ್ಲಿ ನೆನೆಯಬೇಕು. ಅನಾ ಸೂವೆಲ್ 1877ರಲ್ಲಿ ಅದನ್ನು ಪ್ರಕಟಿಸಿದಾಗ ಕುದುರೆಯ ತಲೆಯನ್ನು ಬಲವಂತವಾಗಿ ಮೇಲೆತ್ತಿ ಹಿಡಿಯುವ ಲಗಾಮು ಬಂಡಿಗಳಲ್ಲಿ ದಿನನಿತ್ಯದ ಬಳಕೆಯಲ್ಲಿತ್ತು. ಆ ಕ್ರೌರ್ಯವನ್ನು ಜನರಿಗೆ ಮುಟ್ಟಿಸುವುದೇ ಪುಸ್ತಕದ ಗುರಿಯಾಗಿತ್ತು. 1994ರ ಚಿತ್ರರೂಪದಲ್ಲಿ ಕುದುರೆಯ ತುಟಿ ಅಲುಗುವುದಿಲ್ಲ, ಹಿನ್ನೆಲೆಯಲ್ಲಿ ದನಿ ಮಾತ್ರ ಕೇಳುತ್ತದೆ. ನನ್ನ ಆಯ್ಕೆ ಈ ವಿಧಾನಕ್ಕೇ.

ಪ್ರಶ್ನೆ: ಪ್ರಾಣಿಗಳ ತುಟಿ ಮಾತಿಗೆ ಸರಿಯಾಗಿ ಅಲುಗುವಂತೆ ಮಾಡುವುದು ಹೇಗೆ?

ಉತ್ತರ: ‘ಬೇಬ್’ ಚಿತ್ರದಲ್ಲಿ ಮೂರು ಬಗೆಯ ಕೆಲಸ ಒಟ್ಟಿಗೆ ಸೇರಿದೆ. ನಡೆಯುವುದು, ಓಡುವುದು ಮುಂತಾದ ದೃಶ್ಯಗಳಲ್ಲಿ ತರಬೇತಿ ಪಡೆದ ನಿಜವಾದ ಪ್ರಾಣಿಗಳಿವೆ. ಕೆಲವು ಸಮೀಪದೃಶ್ಯಗಳಲ್ಲಿ ಜಿಮ್ ಹೆನ್ಸನ್ ಕಾರ್ಯಾಗಾರದಲ್ಲಿ ತಯಾರಾದ ಯಾಂತ್ರಿಕ ಬೊಂಬೆಗಳಿವೆ. ಉಳಿದೆಡೆ ನಿಜವಾದ ಪ್ರಾಣಿಯ ಮುಖದ ಮೇಲೆ ಕಂಪ್ಯೂಟರಿನಲ್ಲಿ ರಚಿಸಿದ ಬಾಯಿಯನ್ನು ಕೂರಿಸಲಾಗಿದೆ. ಆ ವರ್ಷದ ವಿಶೇಷ ದೃಶ್ಯ ಪರಿಣಾಮಗಳ ಆಸ್ಕರ್ ಈ ಚಿತ್ರಕ್ಕೆ ದೊರೆಯಿತು. ತೆರೆಯ ಮೇಲೆ ಒಂದೇ ಎಂದು ಕಾಣುವ ಆ ಹಂದಿಮರಿಯ ಪಾತ್ರವನ್ನು ನಲವತ್ತಕ್ಕೂ ಹೆಚ್ಚು ಮರಿಗಳು ನಿರ್ವಹಿಸಿದವು. ಹಂದಿಮರಿ ವಾರವಾರಕ್ಕೂ ಎದ್ದುಕಾಣುವಂತೆ ಬೆಳೆಯುವುದರಿಂದ, ತಿಂಗಳುಗಟ್ಟಲೆ ನಡೆಯುವ ಚಿತ್ರೀಕರಣಕ್ಕೆ ಅದೇ ಗಾತ್ರದ ಹೊಸ ಮರಿಗಳನ್ನು ಒಂದರ ಹಿಂದೊಂದರಂತೆ ಸಿದ್ಧಪಡಿಸುತ್ತಿರಬೇಕಾಗಿತ್ತು.

ಪ್ರಶ್ನೆ: ನಾನು ಪಶುವೈದ್ಯಕೀಯ ವಿದ್ಯಾರ್ಥಿನಿ. ಇಂಥ ಚಿತ್ರಗಳು ಪ್ರಾಣಿಗಳಿಗೆ ಇಲ್ಲದ ಬುದ್ಧಿಯನ್ನು ಆರೋಪಿಸಿ ಮಕ್ಕಳಿಗೆ ತಪ್ಪು ತಿಳಿವಳಿಕೆ ಕೊಡುತ್ತವೆ ಎನ್ನಿಸುತ್ತದೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಅರ್ಧ ಒಪ್ಪುತ್ತೇನೆ. ಉದ್ದೇಶವನ್ನು ಆರೋಪಿಸುವ ದೋಷವನ್ನು ಮೇಲೆಯೇ ಹೇಳಿದ್ದೇನೆ. ಆದರೆ ಈ ಚಿತ್ರಗಳು ಇಲ್ಲದ ಬುದ್ಧಿಯನ್ನು ಕೊಡುವುದರ ಜೊತೆಗೆ ಇರುವ ಬುದ್ಧಿಯನ್ನು ಕಿತ್ತುಕೊಳ್ಳುವುದೂ ಉಂಟು, ಅದನ್ನು ನಾವು ಗಮನಿಸುವುದು ಕಡಿಮೆ. ತೆರೆಯ ಮೇಲಿನ ಕುರಿ ಸಾಮಾನ್ಯವಾಗಿ ದಡ್ಡತನದ ಪ್ರತೀಕ. ಕೇಂಬ್ರಿಡ್ಜ್ ಸಮೀಪದ ಬಾಬ್ರಹಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುರಿಗಳು ಐವತ್ತು ಇತರ ಕುರಿಗಳ ಮುಖಗಳನ್ನು ಎರಡು ವರ್ಷಗಳವರೆಗೆ ನೆನಪಿಟ್ಟುಕೊಂಡದ್ದು ಕಂಡುಬಂದಿತ್ತು. ಹಂದಿಗಳ ವಿಷಯದಲ್ಲಿಯೂ ಹೀಗೆಯೇ: ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ನಾಲ್ಕು ಹಂದಿಗಳು ಮೂತಿಯಿಂದ ಜಾಯ್‌ಸ್ಟಿಕ್ ತಳ್ಳಿ ಕಂಪ್ಯೂಟರ್ ಪರದೆಯ ಮೇಲಿನ ಗುರುತನ್ನು ಚಲಿಸುವುದನ್ನು ಕಲಿತವು. ‘ಬೇಬ್’ ಚಿತ್ರದ ಮಟ್ಟಿಗೆ ಹೇಳುವುದಾದರೆ, ಅಲ್ಲಿ ನಾಯಿಗಳು ಕುರಿಗಳನ್ನು ಮೂರ್ಖರೆಂದೂ ಕುರಿಗಳು ನಾಯಿಗಳನ್ನು ಮೂರ್ಖರೆಂದೂ ನಂಬಿರುತ್ತವೆ. ಯಾರ ಮಾತನ್ನೂ ಚಿತ್ರ ಪೂರ್ತಿ ಎತ್ತಿಹಿಡಿಯುವುದಿಲ್ಲ. ಕಥೆಗೆ ಅಷ್ಟು ಎಚ್ಚರವಿದ್ದರೆ ನನಗೆ ಸಾಕು.

ಪ್ರಶ್ನೆ: ತಪ್ಪಿಸಿಕೊಂಡ ಹಂದಿಗಳ ಚಿತ್ರ ನೋಡಿದ ನನ್ನ ಏಳು ವರ್ಷದ ಮಗಳು “ಉಳಿದ ಹಂದಿಗಳು ಏನಾದವು?” ಎಂದು ಕೇಳಿದಳು. ಏನು ಉತ್ತರ ಕೊಡಬೇಕು?

ಉತ್ತರ: ನಿಜವನ್ನೇ ಹೇಳಿ, ಚಿಕ್ಕದಾಗಿ ಹೇಳಿ. ಓಡಿಹೋದ ಎರಡು ಹಂದಿಗಳು ಹೆಸರು ಪಡೆದವು, ಹೆಸರು ಬಂದದ್ದರಿಂದ ಅವನ್ನು ಕೊಳ್ಳುವವರು ಸಿಕ್ಕರು, ಆದ್ದರಿಂದ ಬದುಕಿದವು. ಅಲ್ಲಿಗೆ ಬಂದ ಉಳಿದ ಹಂದಿಗಳನ್ನು ಮಾಂಸಕ್ಕಾಗಿ ಕೊಂದರು. ಮಗು ಈ ಪ್ರಶ್ನೆ ಕೇಳಿದೆ ಎಂದರೆ ಉತ್ತರ ಅದಕ್ಕೆ ಅರ್ಧ ಗೊತ್ತಿದೆ ಎಂದೇ ಅರ್ಥ. “ಅವೂ ಎಲ್ಲೋ ಸುಖವಾಗಿವೆ” ಎಂಬ ಸುಳ್ಳು ಮುಂದೊಂದು ದಿನ ಬಯಲಾದಾಗ ಹಂದಿಯ ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಇದರ ಬೆನ್ನಿಗೇ “ನಾವು ಮಾಂಸ ತಿನ್ನಬಹುದೇ?” ಎಂಬ ಪ್ರಶ್ನೆಯೂ ಬರಬಹುದು, ಅದಕ್ಕೆ ಉತ್ತರಿಸಬೇಕಾದವರು ನೀವು, ಸಿನಿಮಾ ಅಂಕಣವಲ್ಲ. ಆದರೆ ಆ ಪ್ರಶ್ನೆ ಮಕ್ಕಳಿಗೆ ಮಾತ್ರ ಬರುವಂಥದ್ದಲ್ಲ: ‘ಬೇಬ್’ ಚಿತ್ರದಲ್ಲಿ ರೈತನ ಪಾತ್ರ ಮಾಡಿದ ಜೇಮ್ಸ್ ಕ್ರಾಮ್‌ವೆಲ್, ಮೊದಲೇ ಸಸ್ಯಾಹಾರಿಯಾಗಿದ್ದವರು, ಆ ಚಿತ್ರೀಕರಣದ ಕಾಲದಲ್ಲಿ ಹಾಲು ಮೊಟ್ಟೆಗಳನ್ನೂ ಬಿಟ್ಟರು. ಇನ್ನೂ ಚಿಕ್ಕ ಮಕ್ಕಳಿದ್ದರೆ ಚಿತ್ರವನ್ನು ನೀವು ಮೊದಲು ನೋಡಿಬಿಡುವುದು ಒಳ್ಳೆಯದು, ಏಕೆಂದರೆ ಇಂಥ ಹಲವು ಚಿತ್ರಗಳು ತಾಯಿಪ್ರಾಣಿಯ ಅಗಲಿಕೆಯಿಂದಲೇ ಆರಂಭವಾಗುತ್ತವೆ.

ಪ್ರಶ್ನೆ: ತಪ್ಪಿಸಿಕೊಂಡ ಪ್ರಾಣಿಗಳ ಸುದ್ದಿಗಳು ಇಷ್ಟೊಂದು ಇರುವಾಗ ಎಲ್ಲವೂ ಸಿನಿಮಾ ಆಗುವುದಿಲ್ಲವೇಕೆ?

ಉತ್ತರ: ನನ್ನ ಊಹೆಯಲ್ಲಿ ಬಹುಪಾಲು ಕಾರಣ ಸಂಭಾಷಣೆ. ನ್ಯೂಜಿಲೆಂಡಿನ ಶ್ರೆಕ್ ಎಂಬ ಮೆರಿನೊ ಟಗರು ಸುಮಾರು ಆರು ವರ್ಷ ಗುಹೆಗಳಲ್ಲಿ ಅಡಗಿದ್ದು, 2004ರಲ್ಲಿ ಸಿಕ್ಕಾಗ ಅದರ ಮೈಮೇಲೆ 27 ಕಿಲೋ ಉಣ್ಣೆಯಿತ್ತು. ಉಣ್ಣೆ ಕತ್ತರಿಸುವುದನ್ನು ದೂರದರ್ಶನದಲ್ಲಿ ನೇರಪ್ರಸಾರ ಮಾಡಿದರು. ಜರ್ಮನಿಯ ಬವೇರಿಯಾದಲ್ಲಿ ಈವಾನ್ ಎಂಬ ಹಸು 2011ರಲ್ಲಿ ತಿಂಗಳುಗಟ್ಟಲೆ ಕಾಡಿನಲ್ಲಿ ತಲೆಮರೆಸಿಕೊಂಡಿತ್ತು, ಅದನ್ನು ಸೆಳೆಯಲು ಹೋರಿಯನ್ನು ಕರೆತಂದದ್ದೂ ವ್ಯರ್ಥವಾಯಿತು. ಎರಡೂ ಸೊಗಸಾದ ಘಟನೆಗಳೇ. ಆದರೆ ಗುಹೆಯಲ್ಲಿ ಆರು ವರ್ಷ ಒಂಟಿಯಾಗಿದ್ದ ಟಗರು ಯಾರೊಡನೆ ಮಾತನಾಡಬೇಕು? ಚಿತ್ರಕಥೆಗಾರನು ಅದಕ್ಕೊಬ್ಬ ಗೆಳೆಯನನ್ನು ಹುಟ್ಟಿಸಲೇಬೇಕು, ಹುಟ್ಟಿಸಿದ ಕೂಡಲೇ ಘಟನೆಯ ಜೀವಾಳವಾದ ಒಂಟಿತನ ಹೋಗಿಬಿಡುತ್ತದೆ. ಮಾಮ್ಸ್‌ಬರಿಯಲ್ಲಿ ಓಡಿದ್ದು ಎರಡು ಹಂದಿಗಳು, ಅದೂ ಒಡಹುಟ್ಟಿದವು. ಬರೆಯುವವರಿಗೆ ಅರ್ಧ ಕೆಲಸ ಅಲ್ಲಿಯೇ ಮುಗಿದಿತ್ತು.