ಗೋಧಿ ಟೆಸ್ಟ್ ನೆಗೆಟಿವ್ ಬಂದರೂ, ಚಪಾತಿ ತಿಂದು ಗುಡ್ಡ ಹತ್ತಿದರೆ ಮೈಯೆಲ್ಲ ಗಂಧೆ ಏಳುವುದು ಏಕೆ?

ನಿಮ್ಮ ತಮ್ಮ ಪುಣೆಯಲ್ಲಿದ್ದಾನೆ, ದಿನಾ ಚಪಾತಿ ತಿಂದರೂ ಏನೂ ಆಗುವುದಿಲ್ಲ ಅಂದಿದ್ದೀರಿ. ಆದರೆ ಬೆಳಿಗ್ಗೆ ಚಪಾತಿ ತಿಂದು ವೇತಾಳ ಟೇಕಡಿ (ಟೇಕಡಿ ಅಂದರೆ ಗುಡ್ಡ) ಹತ್ತಿದ ದಿನ ಮೈತುಂಬ ಗಂಧೆ ಎದ್ದು, ತಲೆ ಸುತ್ತಿ ಬಿದ್ದ. ಮತ್ತೊಮ್ಮೆಯೂ ಹಾಗೇ ಆಯಿತು. ಚರ್ಮದ ಟೆಸ್ಟಿನಲ್ಲಿ ಗೋಧಿ ನೆಗೆಟಿವ್. ಹಾಗಾದರೆ ಗೋಧಿ ಕಾರಣ ಅಲ್ವಾ ಅಂತ ನಿಮ್ಮ ಪ್ರಶ್ನೆ.

ಗೋಧಿ ಮೇಲಿನ ಅನುಮಾನ ಇನ್ನೂ ಬಿಡಬೇಡಿ. ನಾನು ಡಾಕ್ಟರಲ್ಲ. ಪುಣೆಯಲ್ಲೇ ಒಂದು ಲ್ಯಾಬಿನಲ್ಲಿ ಗೋಧಿ ಪ್ರೋಟೀನುಗಳ ಕೆಲಸ ಮಾಡುತ್ತೇನೆ. ನೀವು ಹೇಳಿದ್ದನ್ನು ಓದಿದ ಕೂಡಲೇ ನೆನಪಾದದ್ದು ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನು. ಗೋಧಿ ತಿಂದು ದೇಹ ದಣಿಸಿದಾಗ ಬರುವ ತೀವ್ರ ಅಲರ್ಜಿಗೆ ಮುಖ್ಯ ಕಾರಣ ಇದೇ ಎಂದು ಫಿನ್ಲೆಂಡಿನ ಸಂಶೋಧಕರು 1999ರಲ್ಲಿ ತೋರಿಸಿದರು.

ಇದು ಟೆಸ್ಟಿಗೆ ಸಿಗದೆ ಯಾಕೆ ತಪ್ಪಿಸಿಕೊಳ್ಳುತ್ತದೆ ಅನ್ನೋದು ಹಿಟ್ಟಿನಲ್ಲೇ ಇದೆ. ಗೋಧಿ ಹಿಟ್ಟು ಕಲಸಿ, ಉಂಡೆ ಮಾಡಿ, ನಲ್ಲಿ ಕೆಳಗೆ ಹಿಡಿದು ಹಿಸುಕುತ್ತಾ ತೊಳೆಯಿರಿ. ಬಿಳಿ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗುತ್ತದೆ. ಕೈಯಲ್ಲಿ ಬೂದು ಬಣ್ಣದ, ಎಳೆದರೆ ಹಿಗ್ಗುವ ಅಂಟು ಉಳಿಯುತ್ತದೆ. ಅದು ಗ್ಲುಟೆನ್. ಎಷ್ಟು ತೊಳೆದರೂ ಹೋಗಲಿಲ್ಲ ಅಲ್ವಾ? ನಮ್ಮ ಗ್ಲಯಾಡಿನ್ ಇರುವುದು ಅದರಲ್ಲಿ. ಅಮೆರಿಕದ ಥಾಮಸ್ ಆಸ್ಬರ್ನ್ 1907ರಲ್ಲೇ ಗೋಧಿ ಪ್ರೋಟೀನುಗಳನ್ನು ಯಾವುದು ಯಾವುದರಲ್ಲಿ ಕರಗುತ್ತದೆ ಎಂದು ನೋಡಿ ವಿಂಗಡಿಸಿದ್ದರು. ಕೆಲವು ನೀರಿನಲ್ಲಿ, ಕೆಲವು ಉಪ್ಪುನೀರಿನಲ್ಲಿ ಕರಗುತ್ತವೆ. ಗ್ಲಯಾಡಿನ್ನಿಗೆ ಶೇ. 70ರಷ್ಟು ಆಲ್ಕೋಹಾಲ್ ಬೇಕು. ಚರ್ಮದ ಮೇಲೆ ಹನಿ ಹಾಕಿ ಚುಚ್ಚಿ ನೋಡುವ ಟೆಸ್ಟಿಗೆ ಬಳಸುವ ಗೋಧಿ ದ್ರಾವಣ ಸಾಮಾನ್ಯವಾಗಿ ಉಪ್ಪುನೀರಿನಲ್ಲಿ ತೆಗೆದದ್ದು. ಅಂದರೆ ಯಾವುದನ್ನು ಹುಡುಕಬೇಕೋ ಅದೇ ಆ ಹನಿಯಲ್ಲಿ ಸರಿಯಾಗಿ ಇರುವುದಿಲ್ಲ.

ಲ್ಯಾಬಿನಲ್ಲಿ ನಾವು ಹಿಟ್ಟಿಗೆ ಆಲ್ಕೋಹಾಲ್ ಹಾಕಿ ಕಲಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ಮೇಲೆ ನಿಂತ ತಿಳಿಯನ್ನು ಜೆಲ್ಲಿಗೆ ಹಾಕಿ ಕರೆಂಟ್ ಹಾಯಿಸಿದರೆ ಪ್ರೋಟೀನುಗಳು ಗಾತ್ರದ ಪ್ರಕಾರ ಬೇರೆಯಾಗುತ್ತವೆ. ಸಣ್ಣವು ಕೆಳಗೆ ಓಡುತ್ತವೆ. ಒಮೆಗಾ-5 ಮೇಲ್ಗಡೆ, 65 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಗುರುತಿನ ಆಸುಪಾಸು ನಿಲ್ಲುತ್ತದೆ. ಅಲ್ಲಿಂದ ಎಲ್ಲವನ್ನೂ ಒಂದು ತೆಳು ಹಾಳೆಗೆ ಇಳಿಸಿ, ರೋಗಿಯ ಸೀರಮ್ಮಿನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ನೆನೆಸುತ್ತೇವೆ. ಅಲರ್ಜಿ ಎಬ್ಬಿಸುವ ಐಜಿಇ ಪ್ರತಿಕಾಯ ಅದರಲ್ಲಿದ್ದರೆ ತನ್ನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಮತ್ತೆ ಮತ್ತೆ ತೊಳೆದು, ಬಣ್ಣ ಬರಿಸುವ ದ್ರಾವಣ ಹಾಕಬೇಕು. ಖಾಲಿ ಹಾಳೆಯ ಮೇಲೆ ಒಂದೇ ಒಂದು ಗೆರೆ ಕಪ್ಪಗೆ ಮೂಡುತ್ತದೆ. ಎಷ್ಟು ಸಲ ನೋಡಿದ್ದರೂ ಆ ಗೆರೆ ಮೂಡುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಒಬ್ಬರ ಕಾಯಿಲೆಗೆ ಕಾರಣ ಕಣ್ಣೆದುರಿಗೇ ಬಂದು ನಿಂತ ಹಾಗೆ.

ಈ ಪ್ರೋಟೀನಿನ ಸುಮಾರು ಅರ್ಧ ಭಾಗ ಗ್ಲುಟಮಿನ್ ಎಂಬ ಒಂದೇ ಅಮೈನೊ ಆಮ್ಲ. ಐದನೇ ಒಂದರಷ್ಟು ಪ್ರೋಲಿನ್. ಹೀಗಾಗಿ ಒಂದೇ ತುಣುಕು ಅದರಲ್ಲಿ ಪದೇ ಪದೇ ಬರುತ್ತದೆ, ಐಜಿಇ ಹಿಡಿಯಲು ಸಾಲು ಸಾಲು ಜಾಗ. ಹೊಟ್ಟೆಯಲ್ಲಿ ಜೀರ್ಣವಾದ ಚೂರುಗಳನ್ನೂ ಐಜಿಇ ಬಿಡುವುದಿಲ್ಲ. ತವೆಯ ಬಿಸಿಗೂ ಈ ಪ್ರೋಟೀನು ಜಗ್ಗುವುದಿಲ್ಲ.

ಇನ್ನು ಟೇಕಡಿ ಹತ್ತುವುದರ ಪಾತ್ರ. ದೇಹ ದಣಿದಾಗ ಕರುಳು ಸ್ವಲ್ಪ ಸಡಿಲವಾಗಿ, ಈ ಚೂರುಗಳು ರಕ್ತಕ್ಕೆ ಜಾಸ್ತಿ ಸೇರುತ್ತವೆ ಎನ್ನುವುದು ಒಂದು ಮುಖ್ಯ ವಿವರಣೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಮದ್ಯ ಇವೂ ಹೀಗೇ ದಾರಿ ಮಾಡಿಕೊಡುತ್ತವೆ. ಆ ದಿನಗಳಲ್ಲಿ ತಮ್ಮ ಮೊಣಕಾಲು ನೋವಿಗೆ ಮಾತ್ರೆ ನುಂಗಿದ್ದನಾ ಅಂತ ಒಮ್ಮೆ ಕೇಳಿ. ಇದು ಗ್ಲುಟೆನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಅಲ್ಲ, ಅದು ಬೇರೆಯದೇ.

ಅಲರ್ಜಿ ನೋಡುವ ಡಾಕ್ಟರ ಹತ್ತಿರ ಹೋಗಿ. 'ಒಮೆಗಾ-5 ಗ್ಲಯಾಡಿನ್ ಐಜಿಇ' ಎಂಬ ರಕ್ತ ಪರೀಕ್ಷೆ ಬಗ್ಗೆ ಹೆಸರು ಹಿಡಿದೇ ಕೇಳಿ. ಅಲ್ಲಿಯವರೆಗೆ ಗೋಧಿ ತಿಂದು ನಾಲ್ಕೈದು ಗಂಟೆ ಓಟ, ಜಿಮ್, ಟೇಕಡಿ ಬೇಡ. ಮನೆಯಲ್ಲಿ ಸುಮ್ನೆ ತಿಂದು ಓಡಿ ನೋಡುವ ಪ್ರಯೋಗವಂತೂ ಬೇಡವೇ ಬೇಡ, ದಯವಿಟ್ಟು. ಮತ್ತೆ ಗಂಧೆ ಎದ್ದು ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿದರೆ, ಪಿತ್ತ ಅಂತ ಕೋಕಂ ಹುಳಿ ಹಚ್ಚುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಬೇಕಾಗುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್.

ಖಪ್ಲಿ ಗೋಧಿ ಒಗ್ಗುತ್ತದೆ ಅಂತ ಗಿರಣಿಯಲ್ಲಿ ಯಾರಾದರೂ ಹೇಳಿಯಾರು. ನಮ್ಮ ಕಡೆ ಜವೆ ಗೋಧಿ ಅನ್ನುವುದು ಅದನ್ನೇ. ನಂಬಬೇಡಿ. ಅದೂ ಗೋಧಿಯೇ, ಅದರಲ್ಲೂ ಗ್ಲಯಾಡಿನ್ ಇದೆ. ರವೆ, ಮೈದಾ, ಶಾವಿಗೆ, ಪಾವ್ ಎಲ್ಲ ಒಂದೇ ಲೆಕ್ಕ. ಟೇಕಡಿ ದಿನ ಜೋಳದ ರೊಟ್ಟಿ ತಿನ್ನಲಿ, ಪುಣೆಯಲ್ಲಿ ಭಾಕ್ರಿಗೇನು ಬರವಿಲ್ಲ. ಹಿಟ್ಟು ಮಾತ್ರ ಗೋಧಿ ಬೀಸುವ ಕಲ್ಲಿನಲ್ಲೇ ಬೀಸಿದ್ದಾ ಅಂತ ಕೇಳಿ. ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಅಂಗಡಿಯ ಬಂಧಾನಿ ಇಂಗಿನಲ್ಲಿ ಹೆಚ್ಚಾಗಿ ಮೈದಾ ಬೆರೆಸಿರುತ್ತಾರೆ.