ಕ್ಲೋನ್‌ಗಳ ಹಾಸ್ಯ ಕಾದಂಬರಿಯಲ್ಲಿ ವಿಜ್ಞಾನ ಎಷ್ಟಿರಬೇಕು?

ನೀವು ಬರೆಯುತ್ತಿರುವ ಹಾಸ್ಯ ಕಾದಂಬರಿಯಲ್ಲಿ ವಿಜ್ಞಾನ ಎಷ್ಟು, ಹಾಸ್ಯ ಎಷ್ಟು ಇರಬೇಕು ಎಂದು ಕೇಳಿದ್ದೀರಿ. ಮಂಗಳ ಗ್ರಹದ ನೆಲೆ, ಯಂತ್ರದೊಳಗಿಂದ ಸಾಲಾಗಿ ಎದ್ದು ಬರುವ ಇಪ್ಪತ್ತು ಕ್ಲೋನ್‌ಗಳು, ವಿಜ್ಞಾನ ಜಾಸ್ತಿಯಾದರೆ ನಗು ಸತ್ತುಹೋಗುತ್ತದೇನೋ ಅನ್ನುವ ಭಯ. ನಿಮ್ಮ ಪ್ರಶ್ನೆ ಓದುವಾಗ ನನ್ನ ಹಳೆಯ ಹಸ್ತಪ್ರತಿಯೇ ಕಣ್ಮುಂದೆ ಬಂತು. ನನ್ನದರಲ್ಲಿ ಎಂಟು ಜನ ಇದ್ದರು, ಅಷ್ಟೇ ವ್ಯತ್ಯಾಸ.

ಮೂರು ವರ್ಷ ಕೂತು 310 ಪುಟ ಬರೆದಿದ್ದೆ. ನಾಯಕ ನೆಲೆಯ ನೀರಿನ ವ್ಯವಸ್ಥೆ ನೋಡಿಕೊಳ್ಳುವ ಇಂಜಿನಿಯರ್. ಕೆಲಸಕ್ಕೆ ಜನ ಸಾಲದೆ ಆಡಳಿತ ಮಂಡಳಿ ಅವನ ಏಳು ಕ್ಲೋನ್ ಮಾಡಿಸುತ್ತದೆ. ಏಳಕ್ಕೂ ಅವನದೇ ವಯಸ್ಸು, ಅವನದೇ ನೆನಪು. ಮೊದಲ ಎರಡು ಅಧ್ಯಾಯಕ್ಕೆ ಓದಿದವರೆಲ್ಲ ನಕ್ಕರು. ಮೂರರಿಂದಾಚೆ ಯಾರೂ ನಗಲಿಲ್ಲ. ಯಾಕೆಂದು ತೋರಿಸಿದ್ದು ನನ್ನ ತಂಗಿ. 140ನೇ ಪುಟದ ಜಗಳದ ದೃಶ್ಯ ತೆಗೆದು, ಮಾತಾಡುವವರ ಹೆಸರಿನ ಮೇಲೆ ಸ್ಕೇಲ್ ಇಟ್ಟು ಮುಚ್ಚಿ, "ಅಣ್ಣಾ, ಈಗ ಯಾವ ಮಾತು ಯಾರದು ಹೇಳು" ಅಂದಳು. ಹದಿನಾಲ್ಕು ಸಾಲು. ಒಂದನ್ನೂ ಹೇಳಲಾಗಲಿಲ್ಲ.

ನಾನು ಮಾಡಿದ ತಪ್ಪು ಇಷ್ಟೇ: ಕ್ಲೋನ್‌ಗಳನ್ನು ದೊಡ್ಡವರನ್ನಾಗಿಯೇ ಹುಟ್ಟಿಸಿದೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನೀವೂ ಅದನ್ನೇ ಮಾಡುತ್ತಿದ್ದೀರಿ.

ಕ್ಲೋನಿಂಗ್ ಅಂದರೆ ನಕಲು ತೆಗೆಯುವುದಲ್ಲ. ದೇಹದ ಒಂದು ಜೀವಕೋಶದ ಕೇಂದ್ರವನ್ನು ತೆಗೆದು, ಕೇಂದ್ರ ತೆಗೆದುಹಾಕಿದ ಅಂಡದೊಳಗೆ ಸೇರಿಸಿ, ಭ್ರೂಣವಾದ ಮೇಲೆ ಬಾಡಿಗೆ ತಾಯಿಯ ಗರ್ಭದಲ್ಲಿ ಇಡುತ್ತಾರೆ. ದಿನ ತುಂಬಿದ ಮೇಲೆ ಹುಟ್ಟುವುದು ಮರಿ, ಕೂಸು. 1996ರಲ್ಲಿ ಹುಟ್ಟಿದ ಕ್ಲೋನ್ ಕುರಿ ಡಾಲಿಯ ಮೂಲ ಆರು ವರ್ಷದ ಕುರಿಯ ಕೆಚ್ಚಲಿನ ಜೀವಕೋಶ, ಆದರೆ ಹುಟ್ಟಿದ್ದು ಕುರಿಮರಿಯೇ. ಅದೂ 277 ಅಂಡಗಳಲ್ಲಿ ಪ್ರಯತ್ನಿಸಿದ ಮೇಲೆ ಸಿಕ್ಕ ಒಂದೇ ಮರಿ. ಕಲಿತ ವಿದ್ಯೆ, ಬದುಕಿದ ನೆನಪು ಡಿಎನ್‌ಎಯಲ್ಲಿ ದಾಟಿ ಬರುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಓದುಗರಿಗೆ ಮಗು ಬೆಳೆಯುವ ತನಕ ಕಾಯುವ ತಾಳ್ಮೆ ಇರುವುದಿಲ್ಲ ಅಂದುಕೊಂಡು ಅಡ್ಡದಾರಿ ಹಿಡಿದೆ.

ಆ ಅಡ್ಡದಾರಿಯಲ್ಲಿ ನನಗೆ ಉಳಿದದ್ದು ಒಂದೇ ನಗೆ, ಇವನನ್ನು ಅವನೆಂದು ತಿಳಿಯುವುದು. ಅವಳಿಗಳ ನಾಟಕದ ಹಳೇ ಸರಕು. ಎಂಟು ಜನಕ್ಕೂ ಗೊತ್ತಿರುವುದು ಒಂದೇ, ಬೇಕಿರುವುದೂ ಒಂದೇ ಆದಾಗ ಒಬ್ಬ ಇನ್ನೊಬ್ಬನಿಗೆ ಹೇಳಬೇಕಾದದ್ದು ಏನೂ ಇರುವುದಿಲ್ಲ. ಮಾತು ಹುಟ್ಟದ ಕಡೆ ಹಾಸ್ಯ ಎಲ್ಲಿಂದ ಹುಟ್ಟಬೇಕು?

ಈಗ ಅದೇ ಕಥೆಯನ್ನು ವಿಜ್ಞಾನ ಇರುವ ಹಾಗೆಯೇ ಇಟ್ಟು ನೋಡಿ. ಭೂಮಿಯಿಂದ ಮಂಗಳಕ್ಕೆ ಹೊರಡಲು ಅನುಕೂಲವಾದ ಸಮಯ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ, ಪ್ರಯಾಣ ಏಳೆಂಟು ತಿಂಗಳು. ಅಂದರೆ ಓದು ಮುಗಿಸಿದ ಇಂಜಿನಿಯರ್ ತಡವಾದರೂ ಮೂರು ವರ್ಷದೊಳಗೆ ಬಂದಿಳಿಯುತ್ತಾನೆ. ಕ್ಲೋನ್ ಇಂಜಿನಿಯರ್ ಆಗಲು ಇಪ್ಪತ್ತೆರಡು ವರ್ಷ ಬೇಕು! ಇಂಥದ್ದಕ್ಕೆ ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದಾರೆ, ಈಗ ನೆಲೆಯ ತುಂಬ ಏಳು ಹಸುಗೂಸುಗಳ ಅಳು. ಒಂದನೇ ಅಧ್ಯಾಯ ಇಲ್ಲೇ ಇತ್ತು, ನಾನು ಎಲ್ಲೆಲ್ಲೋ ಹುಡುಕಿದೆ.

ರೂಪದ ವಿಷಯದಲ್ಲೂ ಹಾಗೇ. 2001ರಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕು ಸಿಸಿಯ ಮೂಲ, ಮೈಮೇಲೆ ಕಿತ್ತಳೆ ಮಚ್ಚೆಗಳಿದ್ದ ಮೂರು ಬಣ್ಣದ ಬೆಕ್ಕು. ಸಿಸಿಗೆ ಕಿತ್ತಳೆ ಬರಲೇ ಇಲ್ಲ. ಹೆಣ್ಣು ಬೆಕ್ಕಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಸುಮ್ಮನಾಗಿರುತ್ತದೆ. ಕ್ಲೋನ್ ಮಾಡಲು ತೆಗೆದ ಜೀವಕೋಶದಲ್ಲಿ ಕಿತ್ತಳೆ ಬಣ್ಣದ ಗುಣ ಹೊತ್ತ ಎಕ್ಸ್ ಸುಮ್ಮನಾಗಿತ್ತು. ಬಣ್ಣ ಕೂಡ ಹೊಂದದ ಕ್ಲೋನ್! ಇದರ ಮುಂದೆ ನಾನು ಕಟ್ಟಿದ ಯಾವ ಪ್ರಸಂಗವೂ ನಿಲ್ಲುವುದಿಲ್ಲ.

ಆದ್ದರಿಂದ ವಿಜ್ಞಾನ ಎಷ್ಟು, ಹಾಸ್ಯ ಎಷ್ಟು ಎಂದು ತಕ್ಕಡಿ ಹಿಡಿಯುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಯಂತ್ರವನ್ನು ಕಿತ್ತುಹಾಕಿ. ಇಪ್ಪತ್ತು ಜನವೂ ಬೇಡ, ಮೂವರು ಸಾಕು, ಮೂವರಿಗೂ ಬೇರೆ ಬೇರೆ ವಯಸ್ಸು ಕೊಡಿ. ಐದನೇ ವಯಸ್ಸಿನವನು ಭೂಮಿಗೆ "ಯಾಕೆ?" ಎಂದು ಕೇಳಲಿ. ಸಂದೇಶ ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು ಗ್ರಹಗಳು ಇರುವ ಜಾಗ ನೋಡಿಕೊಂಡು 3ರಿಂದ 22 ನಿಮಿಷ ಬೇಕು. ಭೂಮಿಯ ವಿಜ್ಞಾನಿಗಳ ಗಂಭೀರ ಉತ್ತರ ತಲುಪುವಷ್ಟರಲ್ಲಿ ಅವನು ಪಂಪಿನ ನಟ್ಟು ಬಿಚ್ಚಿ ಮುಗಿಸಿರುತ್ತಾನೆ. ಪ್ರಕಾಶಕರು ಏನೆನ್ನುತ್ತಾರೆ, ಎಷ್ಟು ಪುಟ ಇರಬೇಕು ಅನ್ನುವುದೆಲ್ಲ ಆಮೇಲಿನ ಮಾತು.

ನಾನು ಆ 310 ಪುಟ ಕಟ್ಟಿಟ್ಟು ಮತ್ತೆ ಮೊದಲಿಂದ ಬರೆಯುತ್ತಿದ್ದೇನೆ, ಒಂಬತ್ತನೇ ಅಧ್ಯಾಯದಲ್ಲಿದ್ದೇನೆ. ನಿನ್ನೆ ರಾತ್ರಿ ಬರೆದದ್ದು: ಕ್ಲೋನ್ ಹುಡುಗನ ಮೊದಲ ಹಾಲುಹಲ್ಲು ಉದುರುತ್ತದೆ. ಕೈಜಾರಿದ ಹಲ್ಲು ಮಂಗಳದ 38 ಶೇಕಡಾ ಗುರುತ್ವದಲ್ಲಿ ನಿಧಾನವಾಗಿ ಇಳಿಯುತ್ತದೆ. ನೆಲ ಮುಟ್ಟುವ ಮೊದಲೇ ಇಂಜಿನಿಯರ್ ಅದನ್ನು ಹಿಡಿದು, ಅಂಗೈಯಲ್ಲಿಟ್ಟು ನೋಡುತ್ತಾ, ತನಗರಿವಿಲ್ಲದೆ ತನ್ನ ಮುಂದಿನ ಹಲ್ಲಿನ ಮೇಲೆ ನಾಲಿಗೆ ಆಡಿಸುತ್ತಾನೆ. ಹುಡುಗ ಕೇಳುತ್ತಾನೆ, "ನಿಂದೂ ಹೀಗೇ ಬಿದ್ದಿತ್ತಾ?" ತಂಗಿಗೆ ಓದಿ ಹೇಳಿದೆ. ಈ ಸಲ ಅವಳು ಸ್ಕೇಲ್ ಕೇಳಲಿಲ್ಲ.