ಇಂಗ್ಲೆಂಡಿನ ಆಶ್‌ಬೋರ್ನ್‌ನಲ್ಲಿ ವರ್ಷಕ್ಕೆ ಎರಡು ದಿನ ಅಂಗಡಿಗಳಿಗೆ ಹಲಗೆ ಹೊಡೆಯುವುದೇಕೆ?
ಚೆಂಡಾಟಕ್ಕಾಗಿ. ಡರ್ಬಿಶೈರ್‌ನ ಈ ಸಣ್ಣ ಸಂತೆಪೇಟೆಯಲ್ಲಿ ಕ್ರೈಸ್ತರ ಲೆಂಟ್ ಉಪವಾಸಕ್ಕೆ ಮುಂಚಿನ ಮಂಗಳವಾರ ಮತ್ತು ಮರುದಿನದ ಬೂದಿ ಬುಧವಾರ, ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಇಡೀ ಊರೇ ಮೈದಾನ. ಹೆನ್‌ಮೋರ್ ಹೊಳೆಯ ಉತ್ತರಕ್ಕೆ ಹುಟ್ಟಿದವರು ‘ಅಪರ್ಡ್ಸ್’ ತಂಡ, ದಕ್ಷಿಣದವರು ‘ಡೌನರ್ಡ್ಸ್’ ತಂಡ. ಗೋಲುಗಳ ನಡುವೆ ಸುಮಾರು 3 ಮೈಲಿ ಅಂತರ. ಗೋಲಿನಲ್ಲಿರುವ ಬೀಸುಕಲ್ಲಿಗೆ ಚೆಂಡನ್ನು ಮೂರು ಬಾರಿ ತಟ್ಟಿದರಷ್ಟೇ ಗೋಲು. ಚೆಂಡಿನೊಳಗೆ ಕಾರ್ಕ್ ಚೂರು ತುಂಬಿರುತ್ತಾರೆ, ಆಟ ಹೊಳೆಗಿಳಿದಾಗ ಅದು ತೇಲಬೇಕಲ್ಲ!

ಕಾಲಿನಿಂದ ಒದೆಯುವುದು ಕಡಿಮೆ. ನೂರಾರು ಜನ ಒಂದೇ ಮುದ್ದೆಯಾಗಿ ಚೆಂಡನ್ನು ನೂಕುತ್ತಾ ಬರುವಾಗ ಗಾಜು ಒಡೆಯುತ್ತದೆ, ಅದಕ್ಕೇ ಹಲಗೆ. ಆದರೂ ಮಿತಿಯುಂಟು: ಚೆಂಡನ್ನು ವಾಹನದಲ್ಲಿ ಒಯ್ಯುವಂತಿಲ್ಲ, ಬಚ್ಚಿಡುವಂತಿಲ್ಲ, ಚರ್ಚಿನ ಆವರಣಕ್ಕೆ ನುಗ್ಗುವಂತಿಲ್ಲ. ನೋಡಲು ಹೋಗುವವರು ಕಾರನ್ನು ಪೇಟೆಯಿಂದ ದೂರ ನಿಲ್ಲಿಸಿ, ಗುಂಪಿನೆದುರು ಇಕ್ಕಟ್ಟಾದ ಓಣಿಯಲ್ಲಿ ನಿಲ್ಲಬೇಡಿ.